ದೊರೆಸಾನಿಯನ್ನು ನೋಡಲು ಬಂದವರು

ಮಾರ್ಚ್ 6

ಪುಟ್ಟಿ,

ನಾನು ಗುಂಡುಕಲ್ಲಿನ ಹಾಗಿದ್ದೇನೆ. ನೀನು ಆ ಬಂದರಿನಲ್ಲಿ ಕ್ರೇನಿನ ತಲೆಯ ಮೇಲೆ ಕೂತು ಹಡಗಿನ ಪೆಟ್ಟಿಗೆ ಎತ್ತಿ ಇಳಿಸುತ್ತಾ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ, ಅದನ್ನು ಮೊದಲು ಬರಿ. ಫೋನು ಮಾಡಬೇಡ. ಫೋನಿನಲ್ಲಿ ನಿನ್ನ ಮಾತು ತಗಡಿನ ಮೇಲೆ ಬಟಾಣಿ ಸುರಿದ ಹಾಗೆ ಕೇಳಿಸುತ್ತದೆ. ನಾಲ್ಕನೇ ತರಗತಿವರೆಗೆ ಓದಿದ್ದೇನೆ, ಅಕ್ಷರ ಇನ್ನೂ ಮರೆತಿಲ್ಲ. ಕಾಗದ ಓದಲು ಕಿವಿ ಬೇಕಾಗಿಲ್ಲ.

ಒಂದು ಸುದ್ದಿ ಇದೆ. ಕೂತುಕೊಂಡು ಓದು ಎನ್ನುತ್ತಿದ್ದೆ, ಆದರೆ ನೀನು ಸಂಬಳ ತೆಗೆದುಕೊಳ್ಳುವುದೇ ಕೂರುವುದಕ್ಕೆ.

ನಾನು ಅಡಿಗೆ ಮಾಡುತ್ತಿದ್ದ ಮಕ್ಕಳ ಆಶ್ರಮಕ್ಕೆ ಬೀಗ ಬಿತ್ತು. ಕಟ್ಟಡದ ಯಜಮಾನ ಮಾರಿಕೊಂಡ. ಕೆಲವು ಮಕ್ಕಳನ್ನು ಯಾರು ಯಾರೋ ಮನೆಗೆ ಕರೆದುಕೊಂಡರು, ಕೆಲವರು ಬೇರೆ ಆಶ್ರಮಕ್ಕೆ ಹೋದರು. ಒಬ್ಬಳು ಉಳಿದಳು. ಏಳು ವರ್ಷ. ಕಾಲಿಗೆ ಬಲವಿಲ್ಲ, ಎರಡು ಕೈಯಲ್ಲಿ ಒಂದು ಮಾತ್ರ ಅವಳ ಮಾತು ಕೇಳುತ್ತದೆ, ಬಾಯಿಗೆ ಮಾತು ಬಂದಿಲ್ಲ. ಕೂತಲ್ಲಿಂದ ಕದಲದೆ, ತುಟಿ ಬಿಚ್ಚದೆ, ಎಲ್ಲರಿಂದ ಸೇವೆ ಮಾಡಿಸಿಕೊಳ್ಳುತ್ತಾಳೆ ಎಂದು ಅಡಿಗೆಮನೆಯಲ್ಲಿ ನಾವು ಇಟ್ಟ ಹೆಸರು ದೊರೆಸಾನಿ.

"ಇಂಥ ಮಕ್ಕಳಿಗೇ ಅಂತ ದೂರದಲ್ಲಿ ಒಂದು ದೊಡ್ಡ ಸಂಸ್ಥೆ ಇದೆ, ಅಲ್ಲಿಗೆ ಕಳಿಸ್ತೀವಿ," ಎಂದರು ಮೇಲ್ವಿಚಾರಕಿ.

"ಅಲ್ಲಿ ಇವಳಿಗೆ ಊಟ ಯಾರು ಮಾಡಿಸ್ತಾರೆ?" ಎಂದೆ.

"ಯಾರಾದ್ರೂ ಮಾಡಿಸ್ತಾರೆ."

ಯಾರಾದರೂ ಎಂದರೆ ಯಾರೂ ಅಲ್ಲ ಎಂದು ಇಷ್ಟು ವರ್ಷ ಸೌಟು ಹಿಡಿದವಳಿಗೆ ಗೊತ್ತಿಲ್ಲವೇ? ಕರೆದುಕೊಂಡು ಬಂದುಬಿಟ್ಟೆ. ಈಗ ನನ್ನ ಕಿಟಕಿಯ ಹತ್ತಿರ ಕೂತು ಬೀದಿಯನ್ನು ಆಳುತ್ತಿದ್ದಾಳೆ.

ಮೇ ಕೊನೆಗೆ ನ್ಯಾಯಾಲಯ ನನ್ನನ್ನು ಅವಳ ಪೋಷಕಿ ಎಂದು ಒಪ್ಪಬೇಕು. ಇಂಥ ಮಗುವನ್ನು ಸಾಕುವ ಮನೆಗೆ ಸರ್ಕಾರ ತಿಂಗಳು ತಿಂಗಳು ನೆರವು ಕೊಡುತ್ತದಂತೆ. ಕಾಲಿಗೆ ಕಸರತ್ತು ಮಾಡಿಸುವ ಟೀಚರು, ಪಟ್ಟಿ ಹಾಕಿದ ಬೂಟು ಎಲ್ಲ ಅದರಲ್ಲೇ ಬರುತ್ತದೆ. ಟೀಚರು ಬಾರದಿದ್ದರೆ ಕಾಲು ಸೆಟೆದು ಹಾಗೇ ಉಳಿಯುತ್ತದೆ ಎಂದಿದ್ದಾರೆ ಡಾಕ್ಟರು. ನನ್ನ ಕೈಗೆ ಬರುವುದರಲ್ಲಿ ಟೀಚರಿಗೆ ಟೀ ಕೊಡಿಸಬಹುದು ಅಷ್ಟೆ. ನೆರವಿನ ಕಚೇರಿಯಿಂದ ಮಗುವನ್ನು ನೋಡಲು ಬರುತ್ತಾರಂತೆ. ಬರಲಿ. ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದೇನಿದೆ?

ನಿಮ್ಮಪ್ಪನಿಗೆ ಹೇಳಬೇಡ. ನನ್ನ ಹೊಟ್ಟೆಯಲ್ಲಿ ಹುಟ್ಟಿಯೂ ಅವನಿಗೆ ಗಾಬರಿ ಜಾಸ್ತಿ.

ಅಜ್ಜಿ


ಮಾರ್ಚ್ 17

ಅಜ್ಜಿ,

ಉಣ್ಣುತ್ತಿದ್ದೇನೆ. ಡಬ್ಬಿಯನ್ನು ಕ್ರೇನಿನ ತುದಿಯಲ್ಲೇ ಬಿಚ್ಚುತ್ತೇನೆ. ಅಷ್ಟು ಎತ್ತರಕ್ಕೆ ಯಾರೂ ಪಾಲು ಕೇಳಲು ಹತ್ತಿ ಬರುವುದಿಲ್ಲ.

ನಿನ್ನ ಕಾಗದ ಓದಿ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮಂಡಿ ಹಿಡಿದುಕೊಂಡು "ಉಸ್ಸಪ್ಪಾ" ಎಂದು ಏಳುವವಳು ನೀನು. ನಿನ್ನ ಮನೆಗೆ ಮೆಟ್ಟಿಲು ಬೇರೆ. ಅವಳನ್ನು ಎತ್ತುವವರು ಯಾರು? ನಾಳೆ ನಿನಗೇ ಜ್ವರ ಬಂದರೆ? ನಿನ್ನ ನಂತರ? ಬೇಡ ಎನ್ನುತ್ತಿಲ್ಲ. ಬೇಡ ಎಂದರೆ ನೀನು ಇನ್ನೊಂದು ಮಗುವನ್ನೂ ತಂದುಕೊಂಡೀಯೆ ಎಂಬ ಹೆದರಿಕೆ ನನಗೆ.

ಆ ನೆರವು ಸಿಗಲೇಬೇಕು. ಅದಕ್ಕೇ ಒಂದು ಮಾತು. ಕಚೇರಿಯವರು ಬಂದಾಗ ನಿನ್ನ ನಾಲಿಗೆಗೆ ಒಂದು ಲಗಾಮು ಹಾಕಿಕೋ. ಗ್ಯಾಸಿನವನನ್ನು ಬೈದು ಅಳಿಸಿದ ಹಾಗೆ ಅವರನ್ನು ಅಳಿಸಬೇಡ.

ನಿನ್ನ ಪುಟ್ಟಿ


ಏಪ್ರಿಲ್ 2

ಪುಟ್ಟಿ,

ಗ್ಯಾಸಿನವನು ಅತ್ತದ್ದು ನನ್ನ ಮಾತಿಗಲ್ಲ, ತೂಕದಲ್ಲಿ ಸಿಕ್ಕಿಬಿದ್ದದ್ದಕ್ಕೆ.

ನಿನ್ನೆ ಕಚೇರಿಯವರು ಬಂದು ಹೋದರು. ನೀನು ಇದ್ದಿದ್ದರೆ ನನ್ನನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದೆ. ಅವರು ಬರುವ ಮೊದಲೇ ದೊರೆಸಾನಿಗೆ ಊಟ, ಸ್ನಾನ, ಎರಡು ಜಡೆ ಎಲ್ಲ ಮುಗಿಸಿದ್ದೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಕೂರಿಸಿ, ಆಚೀಚೆ ದಿಂಬು ಒತ್ತಿ, ಮೇಲೆ ನನ್ನ ಶಾಲು ಹೊದಿಸಿದೆ. ದಿಂಬೂ ಕಾಣುವುದಿಲ್ಲ, ಮಾತು ಕೇಳದ ಕೈಯೂ ಕಾಣುವುದಿಲ್ಲ. ತೊಡೆಯ ಮೇಲೆ ಒಂದು ಚಿತ್ರದ ಪುಸ್ತಕ. ಪರೀಕ್ಷೆಗೆ ಓದುತ್ತಿರುವ ಹುಡುಗಿ ಎನ್ನಬೇಕು, ಹಾಗೆ.

ಬಂದವಳು ನಿನ್ನದೇ ವಯಸ್ಸಿನ ಹುಡುಗಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು.

"ಏನು ಪುಟ್ಟಾ ನಿನ್ನ ಹೆಸರು?" ಎಂದಳು.

"ಅವಳಿಗೆ ನಾಚಿಕೆ," ಎಂದೆ ನಾನು.

"ಊಟ ಸರಿಯಾಗಿ ಮಾಡ್ತಾಳಾ ಅಜ್ಜಿ?"

"ತಟ್ಟೆ ಖಾಲಿಯಾಗೋದೇ ಗೊತ್ತಾಗಲ್ಲ." ಖಾಲಿ ಮಾಡಿಸುವ ಕೈ ಯಾರದು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

"ನಿದ್ದೆ?"

"ಮಂಚ ಮುರಿದ್ರೂ ಏಳಲ್ಲ."

"ನಿಮಗೇನಾದ್ರೂ ತೊಂದರೆ ಆಗ್ತಿದೆಯಾ?"

"ಆಗ್ತಿದೆಯಮ್ಮಾ. ಮೇಲಿನ ಮನೆಯವರು ದಿನಾ ನನ್ನ ಒಗೆದ ಬಟ್ಟೆ ಮೇಲೆ ನೀರು ಸುರೀತಾರೆ. ಅದಕ್ಕೆ ನಿಮ್ಮ ಕಚೇರಿಯಲ್ಲಿ ಏನಾದ್ರೂ ಇದೆಯಾ?"

ನಕ್ಕಳು. "ಮಗೂನ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ," ಎಂದಳು. ಬೇಗನೇ ಹೊರಟಳು. ನಾಲಿಗೆಗೆ ಲಗಾಮು ಹಾಕು ಎಂದೆಯಲ್ಲ, ಲಗಾಮು ಏನು, ಜೇನು ಹಚ್ಚಿಕೊಂಡಿದ್ದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಾನು ಹೆತ್ತಿಲ್ಲ, ಇವಳು ಹೆಗ್ಗಣವೂ ಅಲ್ಲ. ಆದರೂ ನಿನ್ನೆ ಆ ಜಡೆಯಲ್ಲಿ ನೋಡಬೇಕಿತ್ತು ನೀನು.

ಅಜ್ಜಿ


ಏಪ್ರಿಲ್ 11

ಅಜ್ಜಿ,

ಅಯ್ಯೋ, ಏನು ಮಾಡಿಬಿಟ್ಟೆ!

ಅವರು ಬಂದದ್ದು ಮಗು ಎಷ್ಟು ಚೆಂದ ಇದೆ ಎಂದು ನೋಡಲಲ್ಲ. ಎಷ್ಟು ಕಷ್ಟ ಇದೆ ಎಂದು ನೋಡಲು. ಈ ಪರೀಕ್ಷೆಯಲ್ಲಿ ಫೇಲಾದವರಿಗೆ ಮಾತ್ರ ಪಾಸು. ನೀನು ನೂರಕ್ಕೆ ನೂರು ತೆಗೆದು ಕೂತಿದ್ದೀಯ!

ಕಚೇರಿಯಿಂದ ಏನು ಹೇಳಿದರು, ಕೂಡಲೇ ಬರಿ. ಇವತ್ತು ಒಂದು ಪೆಟ್ಟಿಗೆಯನ್ನು ತಪ್ಪು ಲಾರಿಯ ಮೇಲೆ ಇಳಿಸಿ ಬೈಸಿಕೊಂಡೆ. ತಲೆಯೆಲ್ಲ ನಿನ್ನ ಆ ಶಾಲಿನಲ್ಲೇ ಇತ್ತು.

ಪುಟ್ಟಿ


ಏಪ್ರಿಲ್ 29

ಪುಟ್ಟಿ,

ಕೆಲಸದ ಮೇಲೆ ಗಮನ ಇರಲಿ. ನಿನ್ನ ಕೆಳಗೆ ಜನ ಓಡಾಡುತ್ತಿರುತ್ತಾರೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಸೆಕೆ ಶುರುವಾಗಿದೆ. ಮೇಲಿನ ಮನೆಯವರು ಈಗ ನೀರು ಸುರಿಯುವ ಮೊದಲು ಕೂಗಿ ಹೇಳುತ್ತಾರೆ, ಅಷ್ಟು ಸುಧಾರಣೆ. ಕಚೇರಿಯವರು ಅವರ ಹೊತ್ತಿಗೆ ಹೇಳುತ್ತಾರೆ, ಅದಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ.

ಸುಮ್ಮನೆ ಕೂತರೆ ಕೀಲು ಹಿಡಿಯುತ್ತದೆ ಎಂದು ಒಂದು ಹಾಸ್ಟೆಲಿನಲ್ಲಿ ಬೆಳಗಿನ ಹೊತ್ತು ಅಡಿಗೆಗೆ ಹೋಗುತ್ತಿದ್ದೇನೆ. ದೊರೆಸಾನಿಯೂ ಬರುತ್ತಾಳೆ. ಆಲೂಗಡ್ಡೆ ಬರುವ ಮರದ ಪೆಟ್ಟಿಗೆಗೆ ದಿಂಬು ಹಾಕಿ ಸಿಂಹಾಸನ ಮಾಡಿಕೊಟ್ಟಿದ್ದೇನೆ. ಅಲ್ಲಿಂದ ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾಳೆ. ಒಬ್ಬಾಕೆ ತೊಳೆಯದ ಚಾಕುವಿನಲ್ಲಿ ಹಣ್ಣು ಹೆಚ್ಚಲು ಹೋದರೆ ಇವಳು ಹುಬ್ಬು ಏರಿಸಿದಳು. ನನ್ನ ಶಿಷ್ಯೆ.

ನಿನ್ನ ಕೆಮ್ಮು ಹೇಗಿದೆ?

ಅಜ್ಜಿ


ಮೇ 5

ಅಜ್ಜಿ,

ನನಗೆ ಕೆಮ್ಮೇ ಇರಲಿಲ್ಲ. ಬರೆಯುವ ಮಾತು ಬಿಟ್ಟು ನೀನು ನನ್ನ ಕೆಮ್ಮು ಕೇಳಿದಾಗಲೇ ಅನುಮಾನ ಬಂತು. ಆಶ್ರಮದ ಮೇಲ್ವಿಚಾರಕಿಗೆ ಫೋನು ಮಾಡಿದೆ.

ನೆರವು ಇಲ್ಲ ಎಂದು ಕಚೇರಿಯಿಂದ ಹೇಳಿ ಬಹಳ ದಿನವಾಯಿತಂತೆ. "ಮಗುವಿಗೆ ವಿಶೇಷ ಆರೈಕೆ ಬೇಕಾದಂತೆ ಕಾಣಲಿಲ್ಲ" ಎಂದು ಬರೆದಿದ್ದಾರಂತೆ. ನೀನು ನನಗೆ ಸೆಕೆಯ ಸುದ್ದಿ ಬರೆದೆ. ಸುಮ್ಮನೆ ಕೂರಲಾಗದೆ ಹಾಸ್ಟೆಲಿಗೆ ಹೋಗುತ್ತಿದ್ದೀಯಾ? ಆ ಟೀಚರಿಗೆ ಕೊಡಲು ಹೋಗುತ್ತಿದ್ದೀಯ. ಅದು ಸಾಲುವುದಿಲ್ಲ ಎಂದು ನಿನಗೂ ಗೊತ್ತು.

ಮೇಲ್ವಿಚಾರಕಿ ಇನ್ನೊಂದು ಮಾತು ಹೇಳಿದರು. ನೆರವು ಮೊದಲು ಒಪ್ಪಿಗೆಯಾಗಬೇಕು. ಅದಿಲ್ಲದೆ ನೀನು ನ್ಯಾಯಾಲಯಕ್ಕೆ ಹೋದರೆ, ಖರ್ಚಿಗೆ ದಾರಿಯಿಲ್ಲದವರ ಕೈಗೆ ಇಂಥ ಮಗುವನ್ನು ಕೊಡಲಾಗದು ಎಂದು ಹೇಳಿ ಅವಳನ್ನು ಆ ದೂರದ ಸಂಸ್ಥೆಗೇ ಕಳಿಸುತ್ತಾರೆ.

ನಾನೇ ಕಚೇರಿಗೆ ಬರೆದು ಮತ್ತೊಮ್ಮೆ ಬನ್ನಿ ಎಂದು ಕೇಳಿಕೊಂಡಿದ್ದೇನೆ. ಬರುತ್ತಾರೆ. ಈ ಸಲ ಬಾಯಿಬಿಟ್ಟು ಹೇಳು. ನಡೆಯಲ್ಲ, ಮಾತಾಡಲ್ಲ, ತಾನೇ ಉಣ್ಣಲ್ಲ, ತಾನೇ ಹೊರಳಲ್ಲ, ಎಲ್ಲ ಒಂದೊಂದಾಗಿ ಹೇಳು. ನಿನಗೆ ಬಂದವರ ಎದುರು ನಿನ್ನ ಮನೆಯ ಮರ್ಯಾದೆ ದೊಡ್ಡದಾಯಿತು, ಆ ಮಗುವಿನ ಕಾಲಲ್ಲ.

ಸಿಟ್ಟಿನಲ್ಲಿ ಬರೆದಿದ್ದೇನೆ. ಹರಿಯದೆ ಕಳಿಸುತ್ತಿದ್ದೇನೆ.

ಪುಟ್ಟಿ


ಮೇ 9

ಪುಟ್ಟಿ,

ಹರಿಯದೆ ಕಳಿಸಿದ್ದು ಒಳ್ಳೆಯದಾಯಿತು. ನಾನೂ ಹರಿಯುವುದಿಲ್ಲ.

ಆ ಮಗು ಕಿವುಡಲ್ಲ.

ಮಾತು ಬಂದಿಲ್ಲ ಎಂದರೆ ಮಾತು ತಿಳಿಯುವುದಿಲ್ಲ ಎಂದುಕೊಂಡೆಯಾ? ನಾವು ಆಡುವ ಒಂದೊಂದು ಮಾತೂ ಅವಳಿಗೆ ತಿಳಿಯುತ್ತದೆ. ಆಶ್ರಮದಲ್ಲಿ ಯಾರಾದರೂ ಮಕ್ಕಳನ್ನು ನೋಡಲು ಬಂದರೆ ಮೇಲ್ವಿಚಾರಕಿ ಇವಳ ಎದುರು ನಿಂತು ಹೇಳುತ್ತಿದ್ದರು. "ಇದಕ್ಕೆ ನಡೆಯೋಕೆ ಬರಲ್ಲ, ಕೈ ಬರಲ್ಲ, ಮಾತು ಬರಲ್ಲ, ಊಟ ಬರಲ್ಲ." ಅವರದು ಕೆಟ್ಟ ಮನಸ್ಸಲ್ಲ, ಇದ್ದದ್ದು ಹೇಳುತ್ತಿದ್ದರು. ಬಂದವರು "ಅಯ್ಯೋ ಪಾಪ" ಎಂದು ಪಕ್ಕದ ಮಗುವಿನ ಹತ್ತಿರ ಹೋಗುತ್ತಿದ್ದರು. ನಾನು ಗಂಜಿ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ಇರುತ್ತಿದ್ದೆ. ಇವಳು ಏನು ಮಾಡುತ್ತಿದ್ದಳು ಗೊತ್ತೇ? ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಿದ್ದೆ ಬಂದವಳ ಹಾಗೆ. ಅವರು ಆಚೆ ಹೋದ ಮೇಲೆ ತೆರೆಯುತ್ತಿದ್ದಳು.

ಈಗ ನನ್ನ ಮನೆಯಲ್ಲಿ, ನಾನೇ ಅವಳ ಪಕ್ಕದಲ್ಲಿ ಕೂತು ಅದನ್ನೇ ಒಂದೊಂದಾಗಿ ಒಪ್ಪಿಸಬೇಕಾ? ನಿನಗೆ ಮಗ್ಗಿ ಬರುತ್ತಿರಲಿಲ್ಲ. ನೆಂಟರ ಎದುರು ಹೇಳಿದೆನಾ ಯಾವತ್ತಾದರೂ? "ನಮ್ಮ ಪುಟ್ಟಿ ಲೆಕ್ಕದಲ್ಲಿ ಹುಲಿ" ಎನ್ನುತ್ತಿದ್ದೆ. ಆ ಹುಲಿ ಏಳೆಂಟಲ ಎಷ್ಟು ಎಂದರೆ ಮಂಚದ ಕೆಳಗೆ ಹೋಗುತ್ತಿತ್ತು.

ಕಾಲು ಬೇಕು ಅವಳಿಗೆ. ನನಗೆ ಗೊತ್ತು. ಆದರೆ ಕಾಲು ಕೊಡಿಸಲು ಅವಳ ಕಣ್ಣು ಮುಚ್ಚಿಸಲಾರೆ. ಬೇರೆ ದಾರಿ ಇದ್ದರೆ ಹೇಳು. ಇಲ್ಲದಿದ್ದರೆ ಬೈಯಬೇಡ. ನನ್ನನ್ನು ನಾನೇ ಬೈದುಕೊಂಡು ಮುಗಿಸಿದ್ದೇನೆ, ನಿನಗೇನೂ ಉಳಿದಿಲ್ಲ.

ಅಜ್ಜಿ


ಮೇ 13

ಅಜ್ಜಿ,

ತಪ್ಪಾಯಿತು. ಕ್ರೇನಿನ ಮೇಲೆ ಕೂತು ನಿನ್ನ ಕಾಗದ ಓದಿದೆ. ಕೆಳಗೆ ನಿಂತು ನನಗೆ ಕೈಸನ್ನೆ ಮಾಡುವವನು "ಏನಮ್ಮಾ, ಮಲಗಿಬಿಟ್ಯಾ?" ಎಂದು ಕೂಗುವವರೆಗೆ ಕೈ ಆಡಲಿಲ್ಲ.

ಹಾಗಾದರೆ ಏನೂ ಹೇಳಬೇಡ. ಆದರೆ ಮುಚ್ಚಬೇಡ ಅಜ್ಜಿ. ಶಾಲು ಬೇಡ, ದಿಂಬು ಬೇಡ, ಅವರು ಬರುವ ಮೊದಲೇ ಉಣಿಸುವುದು ಬೇಡ. ನಿಮ್ಮಿಬ್ಬರ ದಿನ ಹೇಗಿರುತ್ತದೋ ಹಾಗೇ ಇರಲಿ. ಕಣ್ಣಿದ್ದವರು ನೋಡಲಿ.

ಇದಕ್ಕಿಂತ ಜಾಣತನ ನನ್ನ ಹತ್ತಿರ ಇಲ್ಲ. ಏಳೆಂಟಲ ಐವತ್ತಾರು. ಈಗ ಬರುತ್ತದೆ.

ಪುಟ್ಟಿ


ಮೇ 21

ಪುಟ್ಟಿ,

ಬಂದಿದ್ದಳು. ಅದೇ ಹುಡುಗಿ. ಸರಿಯಾಗಿ ಊಟದ ಹೊತ್ತಿಗೆ.

"ಅಜ್ಜಿ, ಈ ಸಲ ಏನಾದ್ರೂ ಹೇಳೋದಿದೆಯಾ?" ಎಂದಳು.

"ಹೇಳೋದೇನಿಲ್ಲ. ಬಟ್ಟೆ ನೆನೆಹಾಕಿದ್ದೀನಿ. ನಾನು ಒಗೆದು ಬರೋದ್ರೊಳಗೆ ಇವಳಿಗೊಂದು ಬಟ್ಟಲು ಗಂಜಿ ಕುಡಿಸ್ತೀರಾ?"

ಹುಡುಗಿ ಮುಖ ನೋಡಬೇಕಿತ್ತು. ಬಟ್ಟಲು, ಚಮಚ ಕೈಗಿಟ್ಟು ನಾನು ಬಚ್ಚಲಿಗೆ ಹೋದೆ. ಹೋದೆ ಎಂದರೆ ಬಾಗಿಲ ಹಿಂದೆ ನಿಂತು ಸಂದಿಯಿಂದ ನೋಡುತ್ತಿದ್ದೆ. ನಲ್ಲಿ ಮಾತ್ರ ಬಿಟ್ಟಿದ್ದೆ, ಸದ್ದಿಗೆ.

ದಿಂಬಿಲ್ಲದ ದೊರೆಸಾನಿ ಮೆಲ್ಲಗೆ ಒಂದು ಪಕ್ಕಕ್ಕೆ ಜಾರಿದಳು. ಆ ಹುಡುಗಿ ಎತ್ತಿ ಕೂರಿಸಿದಳು. ಇವಳು ಇನ್ನೊಂದು ಪಕ್ಕಕ್ಕೆ ಜಾರಿದಳು. ಕೊನೆಗೆ ಹುಡುಗಿ ತನ್ನ ಚೀಲವನ್ನೇ ಪಕ್ಕಕ್ಕೆ ಒತ್ತಿದಳು. ಮೊದಲ ಚಮಚ ಮೂಗಿಗೆ ಹೋಯಿತು. ಎರಡನೆಯದು ಒಳಗೆ ಹೋಗಿ, ಕೆಮ್ಮು ಬಂದು, ಆ ಹುಡುಗಿಯ ಅಂಗಿಯ ಮೇಲೆ ಬಂತು.

"ಅಜ್ಜೀ!"

"ಬಂದೆ, ಬಂದೆ," ಎಂದೆ. ಹೋಗಲಿಲ್ಲ. ನನ್ನ ಕೈ ತಾನಾಗಿ ಚಿಲಕದ ಮೇಲೆ ಹೋಗುತ್ತಿತ್ತು, ಇನ್ನೊಂದು ಕೈಯಿಂದ ಹಿಡಿದುಕೊಂಡೆ.

ಆಮೇಲೆ ಆ ಹುಡುಗಿ ಚಮಚ ಕೆಳಗಿಟ್ಟಳು. ನೋಡಿದಳು. ಕುತ್ತಿಗೆಯ ಹಿಂದೆ ಅಂಗೈ ಕೊಟ್ಟಳು. ತುಟಿ ಮುಚ್ಚುವವರೆಗೆ ಕಾದಳು, ನುಂಗುವವರೆಗೆ ಕಾದಳು. ಅರ್ಧ ಬಟ್ಟಲಿಗೆ ಗಂಜಿ ಆರಿ ಗಟ್ಟಿಯಾಯಿತು. ಅಷ್ಟರಲ್ಲಿ ಇವಳಿಗೆ ಬಟ್ಟೆ ಬದಲಿಸಬೇಕಾಯಿತು. ಅದನ್ನೂ ಅವಳೇ ಮಾಡಿದಳು. ಕೇಳಿದರೆ ನಾನು ಬರುತ್ತಿದ್ದೆ, ಕೇಳಲಿಲ್ಲ. ನಾನು ಹೊರಗೆ ಬಂದಾಗ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಕೂದಲಲ್ಲಿ ಗಂಜಿ.

"ಅಯ್ಯೋ ಪಾಪ" ಎನ್ನುತ್ತಾಳೆ, ಇವಳು ಕಣ್ಣು ಮುಚ್ಚುತ್ತಾಳೆ ಎಂದು ನಾನು ಕಾದೆ.

ಆ ಹುಡುಗಿ ದೊರೆಸಾನಿಯ ಕಡೆ ತಿರುಗಿ, "ನಿನಗೆ ಊಟ ಮಾಡಿಸೋಕೆ ನನಗೆ ಬರಲ್ಲ ಕಣೇ. ನಾನಿನ್ನೂ ಕಲೀಬೇಕು," ಎಂದಳು.

ದೊರೆಸಾನಿ ನಕ್ಕಳು. ಬಾಯಲ್ಲಿದ್ದ ಗಂಜಿಯೆಲ್ಲ ಹೊರಗೆ ಬರುವ ಹಾಗೆ ನಕ್ಕಳು.

ಹೊರಡುವಾಗ ಅವಳ ಜೊತೆ ಮೆಟ್ಟಿಲವರೆಗೆ ಹೋದೆ. ಬಾಗಿಲು ಎಳೆದುಕೊಂಡು ಮೆಲ್ಲಗೆ ಕೇಳಿದಳು, "ದಿನಕ್ಕೆ ಎಷ್ಟು ಸಲ ಹೀಗೆ?"

"ಹೊಟ್ಟೆ ಎಷ್ಟು ಸಲ ಹಸಿಯುತ್ತೋ ಅಷ್ಟು ಸಲ."

"ಮೊದಲನೇ ಸಲ ಬಂದಾಗ ಯಾಕಜ್ಜಿ ಹೇಳಲಿಲ್ಲ?"

"ನಿಮಗೆ ಏನೇನು ಬರಲ್ಲ ಅಂತ ನಿಮ್ಮಮ್ಮ ಬಂದವರಿಗೆ ಹೇಳ್ತಾರಾ?"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ವರದಿ ಬರೆದಳು. ಒಳಗೆ ಬರೆಯಲಿಲ್ಲ, ಗಮನಿಸಿದೆಯಾ? ಆ ಹುಡುಗಿಯ ತಾಯಿ ಒಳ್ಳೆಯವಳಿರಬೇಕು.

ಬರೆದು ಮುಗಿಸಿ ಹೇಳಿದಳು, "ನೆರವು ಒಪ್ಪಿಗೆಯಾಗುತ್ತೆ. ನಿಮಗೆ ವಯಸ್ಸಾಗಿದೆ, ನಿಮ್ಮ ನಂತರ ಯಾರು ಅನ್ನೋದೊಂದೇ ಪ್ರಶ್ನೆ ಇತ್ತು. ಅದಕ್ಕೂ ನಿಮ್ಮ ಮೊಮ್ಮಗಳು ಹೋದ ತಿಂಗಳೇ ತನ್ನ ಹೆಸರು ಕೊಟ್ಟು ಸಹಿ ಮಾಡಿ ಕಳಿಸಿದ್ದಾರೆ. ನಿಮಗೆ ಹೇಳಿಲ್ವಾ?"

ಹೇಳಿಲ್ಲ. ಕಳ್ಳಿ. ನನ್ನನ್ನು ಬೈಯುವ ಕಾಗದ ಬರೆಯುವ ಮೊದಲೇ ಅದನ್ನು ಕಳಿಸಿದ್ದೀಯ. ನಾನು ಅದೊಂದು ಮಾತನ್ನು ನಿನ್ನ ಹತ್ತಿರ ಹೇಗೆ ಕೇಳಲಿ ಎಂದು ಇಷ್ಟು ದಿನ ಎಲ್ಲ ಕಾಗದದಲ್ಲೂ ಸುತ್ತಿ ಸುತ್ತಿ, ಕೊನೆಗೆ ನಿನಗಿಲ್ಲದ ಕೆಮ್ಮು ಕೇಳಿದೆ. ನಿನ್ನ ಬದುಕು ನಿನ್ನದು, ಮುದುಕಿಯ ಆಸೆಯನ್ನು ನಿನ್ನ ಕತ್ತಿಗೆ ಕಟ್ಟಬಾರದು ಎಂದುಕೊಂಡಿದ್ದೆ.

ಮೆಟ್ಟಿಲ ಮೇಲೆ ನಾನೂ ಸ್ವಲ್ಪ ಹೊತ್ತು ಕೂತೆ. ಮೇಲಿನ ಮನೆಯವರು ನೀರು ಸುರಿದರು. ಬೈಯಲಿಲ್ಲ.

ನ್ಯಾಯಾಲಯದ ದಿನ ನೀನೂ ಇರಬೇಕಂತೆ. ರಜೆ ಹಾಕು. ಆ ಕ್ರೇನು ನೀನಿಲ್ಲದಿದ್ದರೆ ಹಾರಿಹೋಗುವುದಿಲ್ಲ.

ಅಜ್ಜಿ


ಜುಲೈ 18

ಪುಟ್ಟಿ,

ನೀನು ಹೋದ ಮೇಲೆ ಮನೆ ಸ್ವಲ್ಪ ದೊಡ್ಡದಾದ ಹಾಗಿದೆ. ನ್ಯಾಯಾಧೀಶರ ಎದುರು ನೀನು ಅತ್ತದ್ದನ್ನು ನಿಮ್ಮಪ್ಪನಿಗೆ ಹೇಳಿಲ್ಲ. ನಾನು ಅತ್ತದ್ದನ್ನು ನೀನೂ ಹೇಳಬೇಡ.

ನೆರವು ಬರಲು ಶುರುವಾಯಿತು. ಹಾಸ್ಟೆಲ್ ಬಿಟ್ಟೆ. ಕಸರತ್ತಿನ ಟೀಚರು ವಾರಕ್ಕೆರಡು ಸಲ ಬರುತ್ತಾರೆ, ಗಟ್ಟಿಗಿತ್ತಿ. ಕಾಲನ್ನು ಹಿಟ್ಟು ನಾದಿದ ಹಾಗೆ ನಾದುತ್ತಾರೆ. ಮೊನ್ನೆ ಬೂಟು ಬಂತು. ಕೆಂಪು ಬಣ್ಣ, ಪಕ್ಕದಲ್ಲಿ ಪಟ್ಟಿ.

ಈಗ ಒಂದು ದೂರು. ನೀನು ಇಲ್ಲಿದ್ದ ಮೂರು ದಿನದಲ್ಲಿ ಈ ಮಗುವಿಗೆ ಏನು ಕಲಿಸಿ ಹೋದೆ?

ನಿನ್ನೆ ಟೀಚರು ಎಡಗಾಲಿಗೆ ಬೂಟು ಹಾಕಲು ಬಗ್ಗಿದರು. ದೊರೆಸಾನಿ ಮಾತು ಕೇಳುವ ಕೈಯನ್ನು ಮುಂದಕ್ಕೆ ಚಾಚಿ ಅಂಗೈ ತೋರಿಸಿದಳು. ಟೀಚರು ನಿಲ್ಲಿಸಿದರು. "ನಿಲ್ಲಿಸು ಅಂತಾನಾ? ಈ ಸನ್ನೆ ಯಾರು ಕಲಿಸಿದ್ದು?" ಎಂದರು. ಕೆಲಸದ ಕತೆ ಹೇಳುತ್ತಾ ನೀನು ಆಡಿ ತೋರಿಸಿದ್ದೆಯಲ್ಲ, ನಿನ್ನ ಕೆಳಗಿನವನು ಕ್ರೇನಿಗೆ ತೋರಿಸುವ ಸನ್ನೆ, ಅದೇ.

ಟೀಚರು ನಿಜವಾಗಿ ನಿಲ್ಲಿಸಿದ್ದನ್ನು ನೋಡಿ ಇವಳಿಗೇ ಆಶ್ಚರ್ಯ. ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು. ಆಮೇಲೆ ಶುರುವಾಯಿತು. ಬಾಚಣಿಗೆ ತಂದರೆ ಅಂಗೈ. ಹಾಲು ತಂದರೆ ಅಂಗೈ. ನಾನು ಹಾಡಿದರೂ ಅಂಗೈ! ಇವತ್ತು ಬೆಳಗಿನಿಂದ ಈ ಮನೆಯಲ್ಲಿ ಎಲ್ಲ ನಿಂತಿದೆ.

ಆಶ್ರಮದಲ್ಲಿದ್ದಷ್ಟು ದಿನ ಈ ಮಗು ಯಾವುದನ್ನೂ ಬೇಡ ಎಂದದ್ದು ನಾನು ಕಂಡಿಲ್ಲ. ಗಂಜಿ ಸುಡುತ್ತಿದ್ದರೂ ನುಂಗುತ್ತಿದ್ದಳು. ಬೇಡ ಎಂದರೆ ಮುಂದಿನ ಹೊತ್ತಿಗೆ ಚಮಚ ಬರುವುದಿಲ್ಲ ಎಂದು ಹೆದರಿಕೆಯಿತ್ತೋ ಏನೋ. ಹಟ ಮಾಡಲು ಸ್ವಂತ ಮನೆ ಬೇಕು ಪುಟ್ಟಿ. ಪರರ ಮನೆಯಲ್ಲಿ ಯಾವ ಮಗು ಹಟ ಮಾಡುತ್ತದೆ?

ಮೇಲಿನ ಮನೆಯಾಕೆ ತನ್ನ ನೆಂಟರನ್ನು ಕರೆದುಕೊಂಡು ಬಂದಿದ್ದಳು. ಅವರ ಎದುರೇ, ಇವಳ ಎದುರೇ, "ಏನ್ ಅಜ್ಜಿ, ಇದಕ್ಕೆ ಇಷ್ಟೊಂದು ಹಟ!" ಎಂದಳು.

"ಹೌದಮ್ಮಾ," ಎಂದೆ ಗಟ್ಟಿಯಾಗಿ. "ಸಿಕ್ಕಾಪಟ್ಟೆ ಹಟ ನಮ್ಮ ಹುಡುಗಿಗೆ. ನನ್ನ ಮಾತೇ ಕೇಳಲ್ಲ."

ದೊರೆಸಾನಿ ಕಣ್ಣು ಬಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು.

ಬೂಟು ನಾಳೆ ಹಾಕುತ್ತೇವೆ. ಇವತ್ತು ಬೇಡವಂತೆ.

ಅಜ್ಜಿ